ಅಡಿವೆವ್ವನ ಅರ್ಜಿ

ಮುತ್ತಣ್ಣ ಮೂರನೆಯ ಹಾಳೆಯನ್ನೂ ಹರಿದು, ಮುದ್ದೆ ಮಾಡಿ ಜೇಬಿಗೆ ತುರುಕಿದ. ಯಶೋಧರಾ ಬಾಯಿಯ ಮನೆಯ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಶಾಲೆಯ ಲೆಟರ್ ಪ್ಯಾಡ್ ಇಟ್ಟುಕೊಂಡು, ಒಂದು ತಾಸಿನಿಂದ ನಾಲ್ಕು ಸಾಲಿನ ಸಂತಾಪ ಬರೆಯಲು ಒದ್ದಾಡುತ್ತಿದ್ದ. 'ಸದರಿ ಶಾಲೆಯಲ್ಲಿ ಆಪ್ತ ಸಮಾಲೋಚಕಿಯಾಗಿ ಕರ್ತವ್ಯ ನಿರ್ವಹಿಸುತ್ತಿದ್ದ' ಅನ್ನುವಷ್ಟಕ್ಕೆ ಪೆನ್ನು ನಿಂತುಬಿಡುತ್ತಿತ್ತು.

ಒಳಗೆ ಪಡಸಾಲೆಯಲ್ಲಿ ಬಾಯಾರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ. ಭಜನೆಯವರು ತಾಳ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಗಂಡ ತೀರಿಹೋದ ಮೇಲೆ ಬಾಯಾರು ಇಪ್ಪತ್ತು ವರ್ಷ ಇದ್ದದ್ದು ಅಕ್ಕ ತಿಪ್ಪವ್ವನ ಈ ಮನೆಯಲ್ಲೇ. ತಿಪ್ಪವ್ವ ನೇಕಾರಳು. ಅವಳ ಮಗ್ಗ ಅರ್ಧ ನೇಯ್ದ ಸೀರೆಯನ್ನು ಹೊತ್ತು ಪಕ್ಕದ ಕೋಣೆಯಲ್ಲಿ ಸುಮ್ಮನಿತ್ತು. ತಂಗಿ ಹೋಗಿ ಒಂದು ದಿನವೂ ಆಗಿರಲಿಲ್ಲ, ಅತ್ತು ಅತ್ತು ಅವಳ ದನಿ ಆಗಲೇ ಬಿದ್ದುಹೋಗಿತ್ತು.

ಮೂರು ಗಂಟೆಗೆ ಮಣ್ಣು, ಅಷ್ಟರೊಳಗೆ ಬರೆದಿಡು, ನಿನ್ನ ಕೈ ಚಲೋ ಐತಿ ಎಂದು ಹೆಡ್ ಮಾಸ್ತರ ಅಂದಾನಪ್ಪ ಹೇಳಿ ಹೋಗಿದ್ದ. ನಿನ್ನ ಕೈ ಚಲೋ ಐತಿ! ಗಜೇಂದ್ರಗಡದ ಆ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತನಾಗಿ ಮುತ್ತಣ್ಣ ಈ ಮಾತು ಕೇಳಿ ಉಬ್ಬಿದ್ದಕ್ಕೆ ಲೆಕ್ಕವಿಲ್ಲ. ಸುತ್ತಲಿನ ಹಳ್ಳಿಯ ತಾಯಿ ತಂದೆಯರೆಲ್ಲ ಅರ್ಜಿ ಬರೆಸಲು ಅವನ ಮೇಜಿನ ಮುಂದೆಯೇ ಬಂದು ನಿಲ್ಲುತ್ತಿದ್ದರು. ಇವತ್ತು ಆ ಕೈ ಅವನ ಮಾತು ಕೇಳುತ್ತಿರಲಿಲ್ಲ.

ಶಾಲೆಯಲ್ಲಿ ಬಿಸಿಯೂಟ ಮಾಡುವ ಖಾಜಾಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ನಿನ್ನೆ ಮಧ್ಯಾಹ್ನ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ರಟ್ಟು ಹಾಕುತ್ತಾ ಕೂತಲ್ಲೇ ಒರಗಿದ ಬಾಯಾರನ್ನು ಮೊದಲು ನೋಡಿದವಳು ಅವಳೇ. ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನೇ ಮತ್ತೊಮ್ಮೆ ಹೇಳಿ, ಕೊನೆಗೆ ಅಂದಳು: "ರಾಜೂರ ಅಡಿವೆವ್ವಗ ಫೋನ್ ಮಾಡಿದ್ನಿ. ಮಗಳನ್ನ ಕರ್ಕೊಂಡು ಮಂಗಳೂರಿಂದ ಬರಾಕತ್ತಾಳ. ಹನ್ನೊಂದಕ್ಕ ಬಸ್ ಸ್ಟ್ಯಾಂಡಿಗೆ ಇಳೀತಾಳ."

ಮುತ್ತಣ್ಣ ಪೆನ್ನಿನ ಮುಚ್ಚಳ ಹಾಕಿದ. ಈ ಲೋಕದಲ್ಲಿ ಅವನು ಮುಖ ಕೊಡಲಾರದವಳು ಒಬ್ಬಳೇ ಒಬ್ಬಳಿದ್ದರೆ ಅವಳು ಅಡಿವೆವ್ವ. ಅವಳು ಬಂದು ಎಲ್ಲರ ಮುಂದೆ ಒಂದು ಮಾತು ಕೇಳಿದರೆ ಸಾಕು, ಎಂಟು ತಿಂಗಳು ಅವನು ಮುಚ್ಚಿಟ್ಟದ್ದು ಬಯಲಿಗೆ ಬೀಳುತ್ತಿತ್ತು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಅವನು ಪ್ಯಾಡ್ ಮಡಚಿ ಬಗಲಿಗಿಟ್ಟು ಎದ್ದ.

* * *

ಹೋದ ವರ್ಷ ಶ್ರಾವಣದ ಮಾತು. ಅಡಿವೆವ್ವ ಕಳೆ ಕೀಳುವುದನ್ನು ಬಿಟ್ಟು ರಾಜೂರಿನಿಂದ ಬಂದು ಮುತ್ತಣ್ಣನ ಮೇಜಿನ ಮುಂದೆ ನಿಂತಿದ್ದಳು. ಉಗುರಿನ ಸಂದಿನಲ್ಲಿ ಇನ್ನೂ ಮಣ್ಣಿತ್ತು.

ಅವಳ ಮಗಳು ಕಳಕವ್ವ ಒಂಬತ್ತನೆಯ ಇಯತ್ತೆ. ಜೂನಿನಲ್ಲಿ ಅಪ್ಪ ಹೊಳಿಯಪ್ಪ ಹುಡುಗಿಯ ಮದುವೆ ಗೊತ್ತು ಮಾಡಿದ್ದ. ಹುಡುಗಿ ಅದನ್ನು ಯಶೋಧರಾ ಬಾಯಿಯ ಕೋಣೆಯಲ್ಲಿ ಕೂತು ಅತ್ತು ಹೇಳಿದ್ದಳು. ಆ ಕೋಣೆಯ ಗೋಡೆಗೆ ಬಾಯಾರು ತಾವೇ ಬರೆದು ಅಂಟಿಸಿದ ಒಂದು ಹಾಳೆ ಇತ್ತು. 'ನೀನು ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ನಿನ್ನ ಜೀವಕ್ಕೆ, ನಿನ್ನ ಬಾಳಿಗೆ ಕುತ್ತು ಬಂದರೆ ಮಾತ್ರ ಸುಮ್ಮನಿರುವುದಿಲ್ಲ.' ಪ್ರತಿ ಮಗುವಿಗೂ ಮೊದಲು ಅದನ್ನು ಓದಿ ಹೇಳಿಯೇ ಮಾತಿಗೆ ಕೂಡುತ್ತಿದ್ದರು. ಹದಿನಾಲ್ಕರ ಹುಡುಗಿಯ ಮದುವೆ ಎಂದರೆ ಸುಮ್ಮನಿರಲು ಬರುವುದಿಲ್ಲ, ಕಾಯಿದೆಯೂ ಬಿಡುವುದಿಲ್ಲ. ಬಾಯಾರು ಫೋನ್ ಮಾಡಿದರು, ಜೀಪು ಬಂತು, ಹಂದರ ಇಳಿಯಿತು. ಹುಡುಗಿ ಉಳಿದಳು. ಆದರೆ ಓಣಿಯವರೆಲ್ಲ ನೋಡುತ್ತಿರುವಾಗ ಪೊಲೀಸರು ಮನೆಯೊಳಗೆ ಬಂದದ್ದಕ್ಕೆ ಹುಡುಗಿಗೆ ಎಷ್ಟು ನಾಚಿಕೆಯಾಗಿತ್ತೆಂದರೆ ಅವಳು ಶಾಲೆ ಬಿಟ್ಟಳು, ಮಾತನ್ನೂ ಬಿಟ್ಟಳು.

ಅಡಿವೆವ್ವ ಬಂದ ದಿನ ಬಾಯಾರು ತರಬೇತಿಗೆಂದು ಗದಗಿಗೆ ಹೋಗಿದ್ದರು. ಕಾಯೋಣವೆಂದರೆ ಅವಳಿಗೆ ಬಸ್ಸಿನ ಹೊತ್ತಾಗಿತ್ತು.

"ಬಾಯಾರದು ತಪ್ಪಿಲ್ರಿ, ನನ್ನ ಮಗಳನ್ನ ಉಳಿಸ್ಯಾರ," ಅಂದಿದ್ದಳು. "ಆದ್ರ ಹುಡುಗಿಗೆ ತಿಳಿಯವಲ್ದು. ನಾ ಹೇಳಿದ್ದು ಹೊರಗ ಹ್ಯಾಂಗ ಬಂತು ಅಂತ ಬಾಯಿ ಕಟಗೊಂಡು ಕುಂತಾಳ. ಬಾಯಾರು ಒಮ್ಮೆ ನಮ್ಮ ಮನಿಗೆ ಬರಬೇಕು. ಆಕಿ ಮುಂದ ಕುಂತು ಯಾಕ ಹೇಳಿದೆ ಅನ್ನೂದನ್ನ ತಿಳಿಸಿ ಹೇಳಬೇಕು. ಇಷ್ಟ ಬರದು ಕೊಡ್ರಿ."

ಇಷ್ಟೇ. ಒಂದು ಚೀಟಿಯಲ್ಲಿ ಬರೆದು ಬಾಯಾರ ಮೇಜಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅದೇ ತಿಂಗಳು ಮೇಲಿನಿಂದ ಒಂದು ಹೊಸ ನಮೂನೆ ಬಂದಿತ್ತು. ಆಪ್ತ ಸಮಾಲೋಚಕರ ಬಗ್ಗೆ ಪಾಲಕರು ಏನು ಹೇಳುವುದಿದ್ದರೂ ಅದರಲ್ಲೇ ಬರೆದು ಕೊಡಬೇಕು, ಮೂರು ದಿನದೊಳಗೆ ಮಕ್ಕಳ ರಕ್ಷಣಾ ಸಮಿತಿಗೆ ಕಳಿಸಬೇಕು. ಒಳ್ಳೆ ದಪ್ಪ ಹಾಳೆ, ಅಚ್ಚುಕಟ್ಟಾದ ಖಾನೆಗಳು. ಕಟ್ಟು ಬಿಚ್ಚಿರಲಿಲ್ಲ. ಮುತ್ತಣ್ಣನ ಕೈ ತುರಿಸುತ್ತಿತ್ತು. ಬಿಚ್ಚಿ, ಮೊದಲ ಹಾಳೆ ತೆಗೆದು, ತನ್ನ ಮುತ್ತಿನಂಥ ಅಕ್ಷರದಲ್ಲಿ ತುಂಬಿದ. 'ಸದರಿ ಸಮಾಲೋಚಕಿಯವರು ನನ್ನ ಮಗಳು ಗೌಪ್ಯವಾಗಿ ತಿಳಿಸಿದ ವಿಷಯವನ್ನು ಬಹಿರಂಗಪಡಿಸಿದ್ದು, ಇದರಿಂದ ನನ್ನ ಮಗಳು ಮಾನಸಿಕವಾಗಿ ಜರ್ಜರಿತಳಾಗಿ ಶಾಲೆ ತೊರೆದಿರುತ್ತಾಳೆ. ಕಾರಣ ಸದರಿಯವರನ್ನು ಕರೆಯಿಸಿ ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ.' ಕರೆಯಿಸಿ ಎಂದು ಬರೆದಿದ್ದೇನಲ್ಲ, ಇವಳು ಕೇಳಿದ್ದೂ ಅದೇ ಅಲ್ಲವೇ ಅಂದುಕೊಂಡ. ಬರೆದದ್ದನ್ನು ಓದಿ ಹೇಳಲಿಲ್ಲ. ಅಡಿವೆವ್ವನ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ, ಹಾಳೆಗೆ ಒತ್ತಿದ. ಬಂದ ಕಾಗದಗಳ ವಹಿಯಲ್ಲಿ ಆವಕ ಸಂಖ್ಯೆ ನೂರಾ ಹದಿನೇಳು.

ಬಾಯಾರು ಎಷ್ಟೋ ಸಲ ಅವನನ್ನು ಕಾಡಿಸಿದ್ದರು. "ಮುತ್ತಣ್ಣ, ನಿನ್ನ ಅರ್ಜಿ ಓದಿದ್ರ ಅರ್ಜಿ ಕೊಟ್ಟಾಕಿಗೂ ತಿಳಿಯಂಗಿಲ್ಲ. ಆ ಸದರಿ ಗಿದರಿ ತಗಿ. ಆಕಿ ಹ್ಯಾಂಗ ಅಂದಾಳ ಹಂಗ ಬರಿ." ಅವನು ನಕ್ಕು ಬಿಡುತ್ತಿದ್ದ.

* * *

ಬಸ್ಸು ಹನ್ನೊಂದೂಕಾಲಿಗೆ ಬಂತು. ಮುತ್ತಣ್ಣ ಏನು ಹೇಳಬೇಕೆಂಬುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಬಂದಿದ್ದ. ಸತ್ತವರ ಮನೆಯಲ್ಲಿ ಅರ್ಜಿಯ ಮಾತು ಬೇಡ, ಮಣ್ಣು ಕೊಟ್ಟು ಸುಮ್ಮನೆ ಹೋಗಿಬಿಡು. ಅಷ್ಟು ಹೇಳಿದರಾಯಿತು.

ಅಡಿವೆವ್ವ ಇಳಿದಳು, ಹಿಂದೆ ಕಳಕವ್ವ ಇಳಿದಳು. ಹುಡುಗಿ ಎತ್ತರವಾಗಿದ್ದಳು. ಕೈಯಲ್ಲಿ ಹಾಳೆಯಲ್ಲಿ ಸುತ್ತಿದ ಒಂದು ಹೂವಿನ ಮಾಲೆ ಇತ್ತು, ರಾತ್ರಿಯೆಲ್ಲ ಬಸ್ಸಿನಲ್ಲಿ ಹಿಡಿದು ಹಿಡಿದು ಹೂವು ಬಾಡಿತ್ತು. ಮುತ್ತಣ್ಣನನ್ನು ನೋಡಿ ಅಡಿವೆವ್ವನಿಗೆ ನಮ್ಮವನೊಬ್ಬ ಸಿಕ್ಕ ಅನ್ನಿಸಿತೋ ಏನೋ, ಅಲ್ಲೇ ನಿಂತು ಅತ್ತಳು. ಆಮೇಲೆ ಮೂವರೂ ಪೇಟೆಯ ದಾರಿ ಹಿಡಿದರು. ಗುಡ್ಡದ ಮೇಲಿನ ಕೋಟೆಯ ಗೋಡೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

ಮಂಗಳೂರಿನ ಕಡೆ ಕಟ್ಟಡದ ಕೆಲಸ, ಗಂಡ ಅಲ್ಲೇ ಉಳಿದ, ಹುಡುಗಿ ಕೇಳಿದ್ದಕ್ಕೆ ಹೂಂ ಹೂಂ ಅನ್ನುತ್ತಾಳೆ ಅಷ್ಟೇ ಎಂದು ಅಡಿವೆವ್ವ ಹೇಳುತ್ತಾ ಬಂದಳು. ಬಾಯಾರು ಹೋದರು ಎಂದು ಕೇಳಿದಾಗ ಮಾತ್ರ ತಾನೂ ಬರುತ್ತೇನೆ ಅಂದಳಂತೆ. ಅದನ್ನೆಲ್ಲ ಹೇಳಿ ಕೇಳಿದಳು: "ಅಣ್ಣಾರ, ಆ ಅರ್ಜಿ ಬಾಯಾರಿಗೆ ಮುಟ್ಟಿತ್ತೇನ್ರಿ?"

"ಮುಟ್ಟಿತ್ತವಾ."

"ಎರಡ ತಿಂಗಳ ದಾರಿ ನೋಡಿದ್ನಿರಿ. ಮಧ್ಯಾಹ್ನದ ಬಸ್ಸು ಬಂದ್ರ ಸಾಕು, ಹೊಲದಾಗಿಂದ ತಲಿ ಎತ್ತಿ ನೋಡ್ತಿದ್ನಿ. ಆಮ್ಯಾಲೆ ದುಡಿಯಾಕ ಹೋಗೂದು ಬಂತು." ಅಷ್ಟು ಹೇಳಿ, ಸತ್ತವರ ಮೇಲೆ ದೂರಿದಂತಾಯಿತು ಅನ್ನಿಸಿತೇನೋ, ಅವಳೇ ಸಮಾಧಾನ ಹೇಳಿದಳು. ಬಾಯಾರಿಗೆ ಎಷ್ಟು ಕೆಲಸವೋ ಏನೋ, ಎಷ್ಟು ಮಕ್ಕಳೋ ಏನೋ.

ಜೋಡಿಸಿಕೊಂಡು ಬಂದ ಮಾತು ಬಿಟ್ಟು ಮುತ್ತಣ್ಣ ಮುಂದೆ ಮುಂದೆ ನಡೆದ. ಗಜೇಂದ್ರಗಡದಿಂದ ರಾಜೂರಿಗೆ ಬಸ್ಸಿನಲ್ಲಿ ಅರ್ಧ ತಾಸು ಹಿಡಿಯುವುದಿಲ್ಲ. ಅಷ್ಟು ದಾರಿ ಬಾಯಾರಿಗೆ ಯಾಕೆ ಮುಚ್ಚಿಹೋಯಿತು ಅನ್ನುವುದು ಅವನಿಗೆ ಗೊತ್ತಿತ್ತು.

* * *

ನಮೂನೆ ಸಮಿತಿಗೆ ಹೋದ ಮಾರನೆಯ ದಿನವೇ ಆದೇಶ ಬಂತು. ವಿಚಾರಣೆ ಮುಗಿಯುವ ತನಕ ಬಾಯಾರ ಕೋಣೆಗೆ ಬೀಗ, ಅವರು ಗ್ರಂಥಾಲಯದಲ್ಲಿ ಕೂಡಬೇಕು. ದೂರು ಕೊಟ್ಟವರ ಮನೆಗೆ ಹೋಗಕೂಡದು, ಮಾತಾಡಕೂಡದು, ಫೋನೂ ಮಾಡಕೂಡದು. ದೂರು ಕೊಟ್ಟವರಾರು ಎಂದು ಹೊರಗೆ ಬಾಯಿ ಬಿಡಕೂಡದು. ಯಾವುದೂ ಕೆಟ್ಟ ಉದ್ದೇಶದ ನಿಯಮವಲ್ಲ, ಬಡವರ ಮಕ್ಕಳ ರಕ್ಷಣೆಗೆಂದೇ ಮಾಡಿದ್ದು. ಬಂದ ಆದೇಶವನ್ನು ಶಾಲೆಯ ಪರವಾಗಿ ಬಾಯಾರಿಗೆ ಟೈಪ್ ಮಾಡಿದವನೂ ಮುತ್ತಣ್ಣನೇ. ಬರ್ರಿ ಅಂತ ಕರೆದವಳ ಮನೆಗೇ ಹೋಗಬೇಡಿ ಎಂದು ತಾನು ಬರೆಯುತ್ತಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು.

ಮೊದಲ ವಿಚಾರಣೆ ದಸರೆ ಕಳೆದ ಮೇಲೆ ನಡೆಯಿತು. ಸಮಿತಿಯ ಅಧ್ಯಕ್ಷ ರೋಣದ ವಕೀಲ ಪ್ರಾಣೇಶ. ನಿಯಮದ ಮನುಷ್ಯ, ಆದರೆ ಕೆಟ್ಟವನಲ್ಲ. ಆ ಹುಡುಗಿಯ ಜೊತೆ ನಡೆದ ಮಾತುಕತೆಯ ನೋಟ್ ಬುಕ್ ಕೊಡಿ, ಈಗಲೇ ಮುಗಿಸಿಬಿಡೋಣ ಎಂದ. ಬಾಯಾರು ಕೊಡಲಿಲ್ಲ. ಆ ಹುಡುಗಿ ತನ್ನ ಮನೆಯ ಬಗ್ಗೆ ಇನ್ನೂ ಏನೇನೋ ಹೇಳಿದ್ದಾಳೆ, ನಾನು ಉಳಿಯಲಿಕ್ಕೆಂದು ಅವಳ ಮಾತನ್ನು ನಾಲ್ಕು ಮಂದಿಯ ಮುಂದೆ ಬಿಚ್ಚಲಾರೆ, ಅಡಿವೆವ್ವನನ್ನು ಕರೆಸಿ, ಅವಳೇ ಹೇಳಲಿ ಅಂದರು. ಆಮೇಲೆ ದೂರಿನ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಮೂಲೆಯಲ್ಲಿ ನಡಾವಳಿ ಬರೆದುಕೊಳ್ಳುತ್ತಿದ್ದ ಅವನ ಕಡೆ ತಿರುಗಿದರು.

"ಮುತ್ತಣ್ಣ, ಅಡಿವೆವ್ವ ಖರೇನ ಹಿಂಗ ಅಂದ್ಲೇನು?"

ಹೇಳುವುದಕ್ಕೆ ಅದೊಂದು ಗಳಿಗೆ ಇತ್ತು. ಹೆಡ್ ಮಾಸ್ತರ ನೋಡುತ್ತಿದ್ದ, ವಕೀಲ ನೋಡುತ್ತಿದ್ದ. ಇಪ್ಪತ್ತೊಂಬತ್ತು ವರ್ಷದ ಚಲೋ ಕೈ.

"ಹೂಂನ್ರಿ ಬಾಯಾರ," ಅಂದ.

ಬಾಯಾರು ಅವನನ್ನು ಅನುಮಾನಿಸಲಿಲ್ಲ. ಅದೇ ಅವನನ್ನು ಇವತ್ತಿಗೂ ಸುಡುವುದು. ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಹಂಗಾರ ಆಕಿಗೆ ಭಾಳ ನೋವಾಗೈತಿ," ಅಂದರು. "ಆಕಿ ಬರೂತನಾ ತಡೀರಿ. ನಾನು ಆಕಿ ಕೈ ಹಿಡದು ತಪ್ಪಾತು ಅನಬೇಕು."

ಅಡಿವೆವ್ವ ಬರಲಿಲ್ಲ. ರಾಜೂರಿಗೆ ಹೋದ ನೋಟೀಸು ಮೂರು ಸಲವೂ ವಾಪಸ್ ಬಂತು. ನೋಟೀಸು ಅಂಚೆಯಲ್ಲೇ ಹೋಗಬೇಕೆಂದು ನಿಯಮ. ಅವಳ ಫೋನ್ ನಂಬರ್ ಖಾಜಾಬಿಯ ಹತ್ತಿರ ಇದೆ ಎಂದು ಮುತ್ತಣ್ಣನಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪ್ರತಿ ಸಲ ವಾಪಸ್ ಬಂದ ಲಕೋಟೆ ನೋಡಿದಾಗ ಅವನಿಗೆ ಜೀವ ಬಂದಂತಾಗುತ್ತಿತ್ತು. ಥೂ, ಎಂಥ ಬಾಳು! ಬಾಯಾರು ಎಂಟು ತಿಂಗಳು ಹರಿದ ಪುಸ್ತಕಗಳಿಗೆ ರಟ್ಟು ಹಾಕಿದರು. ಬೀಗ ಹಾಕಿದ ಕೋಣೆಯ ಮುಂದೆ ಮಕ್ಕಳು ಬಂದು ನಿಂತು, ನೋಡಿ, ಹೋಗುತ್ತಿದ್ದವು. ನಾಲ್ಕನೆಯ ವಿಚಾರಣೆ ಬರುವ ಸೋಮವಾರಕ್ಕೆ ಗೊತ್ತಾಗಿತ್ತು.

* * *

ಪಡಸಾಲೆಯ ಹೆಂಗಸರು ಸರಿದು ದಾರಿ ಬಿಟ್ಟರು. ಅಡಿವೆವ್ವ ಬಾಯಾರ ಮುಂದೆ ಮಂಡಿಯೂರಿ ಕೂತಳು. ಬಾಡಿದ ಮಾಲೆಯನ್ನು ಕಳಕವ್ವ ಹಾಕಿದಳು. ಅಡಿವೆವ್ವ ಎಲ್ಲರ ಹಾಗೆ ಹಾಡಿಕೊಂಡು ಅಳುತ್ತಾಳೆ ಎಂದು ಮುತ್ತಣ್ಣ ಅಂದುಕೊಂಡಿದ್ದ. ಅವಳು ಅಳಲಿಲ್ಲ. ಬಾಯಾರ ಪಾದದ ಮೇಲೆ ಕೈಯಿಟ್ಟು, ಎದುರಿಗೆ ಕೂತವರ ಜೊತೆ ಮಾತಾಡುವ ದನಿಯಲ್ಲೇ ಹೇಳಿದಳು: "ಬಾಯಾರ, ನೀವು ಬರಲಿಲ್ಲ. ಅದಕ್ಕ ನಾವ ಬಂದ್ವಿ."

ಮುತ್ತಣ್ಣ ಹೊರಗೆ ಬಂದು ಕಟ್ಟೆಯ ಕಂಬ ಹಿಡಿದು ನಿಂತ. ಅಲ್ಲಿ ಅಂದಾನಪ್ಪನೂ ಪ್ರಾಣೇಶನೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಇನ್ನು ವಿಚಾರಣೆಯ ಪ್ರಶ್ನೆಯಿಲ್ಲ, ಎದುರುದಾರರು ಮೃತಪಟ್ಟ ಕಾರಣ ಫೈಲು ಮುಕ್ತಾಯ ಎಂದು ಬರೆದರಾಯಿತು ಎಂದು ಪ್ರಾಣೇಶ ಹೇಳುತ್ತಿದ್ದ. ತಪ್ಪು ಮಾಡಿದರು ಅಂತಲೂ ಇಲ್ಲ, ಮಾಡಿಲ್ಲ ಅಂತಲೂ ಇಲ್ಲ. ಮುತ್ತಣ್ಣ, ನಾಳೆ ಅಷ್ಟು ಟೈಪ್ ಮಾಡಿಬಿಡು ಎಂದು ಇತ್ತ ತಿರುಗಿ ಅಂದ.

ಅಂದರೆ ಮುತ್ತಣ್ಣ ಉಳಿದುಕೊಂಡಿದ್ದ. ಸಂಜೆಯ ತನಕ ಬಾಯಿ ಮುಚ್ಚಿಕೊಂಡಿದ್ದರೆ ಅಡಿವೆವ್ವ ಬಸ್ಸು ಹತ್ತುತ್ತಾಳೆ, ಫೈಲು ಕಪಾಟು ಸೇರುತ್ತದೆ, ಎರಡು ವರ್ಷಕ್ಕೆ ಶಾಲು ಹೊದಿಸಿ ಕಳಿಸುತ್ತಾರೆ. ಮುತ್ತಣ್ಣನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಮೂರು ಗಂಟೆಗೆ ಬಾಯಾರನ್ನು ಎತ್ತಿದರು. ಊರ ಹೊರಗೆ ಗುಡ್ಡದ ಬುಡದಲ್ಲಿ ಗಂಡನ ಸಮಾಧಿಯ ಪಕ್ಕ ಗುಂಡಿ ತೆಗೆದಿದ್ದರು. ಪತ್ರಿ, ವಿಭೂತಿ ಎಲ್ಲ ಹಾಕಿ ಕೂಡಿಸಿದ ಮೇಲೆ ಸ್ವಾಮಿಗಳು ಮಣ್ಣು ಕೊಡಿರಿ ಅಂದರು. ಮೊದಲು ತಿಪ್ಪವ್ವ, ಆಮೇಲೆ ಉಳಿದವರು. ಒಬ್ಬೊಬ್ಬರೂ ಬಗ್ಗಿ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿಯುತ್ತಿದ್ದರು. ಅಡಿವೆವ್ವ ಹಾಕಿದಳು, ಕಳಕವ್ವ ಹಾಕಿದಳು. ಮುತ್ತಣ್ಣನ ಪಾಳಿ ಬಂತು. ಬಗ್ಗಿ ಒಂದು ಹಿಡಿ ಎತ್ತಿದ. ಕೆಳಗೆ ಬಾಯಾರ ನೆತ್ತಿ ಇನ್ನೂ ಕಾಣುತ್ತಿತ್ತು. ಅವನಿಗೆ ಕೈ ಬಿಚ್ಚಲಾಗಲಿಲ್ಲ. ಹಿಂದೆ ನಿಂತವರು ಕೆಮ್ಮಿದರು.

ಮಣ್ಣನ್ನು ಹಿಡಿದುಕೊಂಡೇ ಅವನು ಅಡಿವೆವ್ವನ ಹತ್ತಿರ ಬಂದ. ಪ್ರಾಣೇಶನೂ ಅಂದಾನಪ್ಪನೂ ಎರಡು ಹೆಜ್ಜೆ ಆಚೆ ನಿಂತಿದ್ದರು, ಅವರಿಗೂ ಕೇಳಲಿ ಎಂದೇ ಹೇಳಿದ. ನೀನು ಬರ್ರಿ ಅಂತ ಕರೆದಿದ್ದಿ, ನಾನು ತಕರಾರು ಅಂತ ಬರೆದೆ. ನಿನಗೆ ಓದಿ ಹೇಳಲಿಲ್ಲ. ಅದಕ್ಕೇ ಬಾಯಾರ ಕೋಣೆಗೆ ಬೀಗ ಬಿತ್ತು, ಅದಕ್ಕೇ ಅವರಿಗೆ ನಿನ್ನ ಮನೆಗೆ ಬರಲು ಬಿಡಲಿಲ್ಲ. ಅವರು ಕೇಳಿದಾಗಲೂ ನಾನು ಸುಳ್ಳು ಹೇಳಿದೆ.

ಅಡಿವೆವ್ವನಿಗೆ ಅಷ್ಟೂ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೈದಿದ್ದರೆ, ಎರಡೇಟು ಹೊಡೆದಿದ್ದರೆ ಮುತ್ತಣ್ಣನಿಗೆ ಹಗುರಾಗುತ್ತಿತ್ತು. ಅವಳು ಒಂದೇ ಮಾತು ಕೇಳಿದಳು.

"ಹಂಗಾರ ಬಾಯಾರು, ನಾ ಅವರ ಮ್ಯಾಲೆ ತಕರಾರ ಮಾಡೇನಂತ ತಿಳಕೊಂಡ ಹೋದ್ರೇನ್ರಿ?"

"ಹೌದವಾ."

ಅವಳು ಗುಂಡಿಯ ಕಡೆ ನೋಡಿದಳು. ಗಂಡಸರು ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದರು.

ಪ್ರಾಣೇಶ ಹತ್ತಿರ ಬಂದು ಮುತ್ತಣ್ಣನ ಭುಜ ಹಿಡಿದ. ನೀನು ಮಾಡಿದ್ದಕ್ಕೆ ನಾಳೆ ಜವಾಬು ಕೊಡಬೇಕಾಗುತ್ತದೆ, ಆದರೆ ಆ ಫೈಲಿಗೆ ಇನ್ನು ಏನೂ ಸೇರಿಸಲು ಬರುವುದಿಲ್ಲ, ದೂರು ವಾಪಸ್ ಪಡೆಯಲು ಎದುರುದಾರರು ಇರಬೇಕು ಎಂದ. ಅಡಿವೆವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಹಾಳಿ ಐತೇನ್ರಿ?" ಎಂದು ಮುತ್ತಣ್ಣನನ್ನು ಕೇಳಿದಳು. "ಬರೀರಿ. ಅವತ್ತ ನಾ ಏನ ಅಂದಿದ್ನಿ, ಅದನ್ನ ಬರೀರಿ."

ಮುತ್ತಣ್ಣ ಹಿಡಿದಿದ್ದ ಮಣ್ಣನ್ನು ಗುಡ್ಡೆಗೆ ಹಾಕಿ, ಪಂಚೆಗೆ ಕೈ ಒರೆಸಿ, ಬಗಲಿನ ಪ್ಯಾಡ್ ತೆಗೆದ. ಬಾಯಾರ ಗಂಡನ ಸಮಾಧಿಯ ಕಲ್ಲಿನ ಮೇಲೆ ಇಟ್ಟುಕೊಂಡು ಬರೆಯತೊಡಗಿದ. ಮೇಲೆ ಮಾನ್ಯರೇ ಇಲ್ಲ, ವಿಷಯ ಇಲ್ಲ, ಸದರಿ ಇಲ್ಲ. ಅವಳು ಹೇಳಿದಂತೆ, ಹೇಳಿದಷ್ಟೇ ಬರೆದ. ಅಕ್ಷರ ಸೊಟ್ಟಗಾದವು. ಮುಗಿಸಿ ಓದಿ ಹೇಳಲು ಹೋದರೆ ಅಡಿವೆವ್ವ ಕೈ ಅಡ್ಡ ಹಿಡಿದಳು.

"ನೀವು ಬ್ಯಾಡ. ಈಕಿ ಓದ್ಲಿ."

ಕಳಕವ್ವ ಹಾಳೆ ತೆಗೆದುಕೊಂಡಳು. ಮೊದಲ ಸಲ ಬಾಯಿ ತೆರೆದಾಗ ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು, ಮಣ್ಣಿನ ಗುಡ್ಡೆಯ ಕಡೆ ತಿರುಗಿ, ಶಾಲೆಯಲ್ಲಿ ಪಾಠ ಓದುವ ಹಾಗೆ ಒಂದೊಂದೇ ಪದ ಓದಿದಳು. ಬಾಯಾರದು ತಪ್ಪಿಲ್ಲ. ನನ್ನ ಮಗಳನ್ನ ಉಳಿಸ್ಯಾರ. ಬಾಯಾರು ಒಮ್ಮೆ ನಮ್ಮ ಮನಿಗೆ ಬರಬೇಕು. ಅಲ್ಲಿಗೆ ಬಂದು ನಿಂತಳು, ಮತ್ತೆ ಅದೇ ಸಾಲು ಓದಿದಳು. ಸಲಿಕೆ ಹಿಡಿದವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಖಾಜಾಬಿ ಸೆರಗು ಬಾಯಿಗೆ ಒತ್ತಿಕೊಂಡಳು.

ಹೆಬ್ಬೆಟ್ಟಿಗೆ ಶಾಯಿ ಇರಲಿಲ್ಲ. ಮುತ್ತಣ್ಣ ಜೇಬು ತಡಕಿದ, ಹರಿದ ಹಾಳೆಯ ಮುದ್ದೆಗಳು ಸಿಕ್ಕವು. ಅಡಿವೆವ್ವ ಕಾಯಲಿಲ್ಲ. ಕೈ ತೊಳೆಯಲು ಇಟ್ಟಿದ್ದ ಕೊಡಕ್ಕೆ ಹೆಬ್ಬೆರಳು ಅದ್ದಿ, ಬಾಯಾರ ಮೇಲಿನ ಹೊಸ ಮಣ್ಣಿಗೆ ಒತ್ತಿ, ಮಗಳು ಹಿಡಿದಿದ್ದ ಹಾಳೆಯ ಕೆಳಗೆ ಒತ್ತಿದಳು. ಕಳಕವ್ವ ಹಾಳೆಯನ್ನು ಎತ್ತಿ ಹಿಡಿದಾಗ ಒಣ ಮಣ್ಣು ಉದುರಿತು, ಬೆರಳಿನ ಗೆರೆಗಳು ಉಳಿದವು.